ತೋಡಿನ ಆಚೆ ಬಿಟ್ಟ ಇಲಿಗಳು

ಮೂಡಬಿದ್ರೆಯ ಭುಜಬಲಿಯವರ ಮನೆಯಲ್ಲಿ ಮನುಷ್ಯರು ಒಂಬತ್ತು ಮಂದಿ. ಇಲಿಗಳು ಎಷ್ಟೆಂದು ಇಲಿಗಳಿಗೂ ಗೊತ್ತಿರಲಿಲ್ಲ. ಅಕ್ಕಿ ವ್ಯಾಪಾರದ ಮನೆ ಅದು. ಜಗಲಿಯ ಎಡಕ್ಕೆ ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಮುಡಿಗಳ ಕೋಣೆ, ಮೇಲೆ ಅಟ್ಟದ ತುಂಬ ಭತ್ತ, ಹಿಂದೆ ಬೆಲ್ಲ ಹುರುಳಿಗಳ ಉಗ್ರಾಣ. ಇಂಥಲ್ಲಿ ಇಲಿ ಬಾರದೆ ದೇವೇಂದ್ರನ ಆನೆ ಬರುತ್ತದೆಯೇ? ಅನಂತಮತಿ ಬೆಳ್ತಂಗಡಿಯಿಂದ ಈ ಮನೆಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ಅವಳ ತಂದೆ ಶಾಲೆಯ ಮೇಷ್ಟ್ರು. ಅಲ್ಲಿ ತಿಂಗಳ ಕೊನೆಗೆ ಅಕ್ಕಿ ಡಬ್ಬದ ತಳ ಕಾಣಿಸುತ್ತಿತ್ತು, ಹಾಗಾಗಿ ಇಲಿಗಳು ಅತ್ತ ತಲೆ ಹಾಕುತ್ತಿರಲಿಲ್ಲ. ಸಿರಿವಂತರ ಮನೆಯೆಂದರೆ ಇಲಿಗಳ ಮನೆ ಎಂದು ಮದುವೆಯ ಮಾತುಕತೆಯಲ್ಲಿ ಅವಳಿಗೆ ಯಾರೂ ಹೇಳಿರಲಿಲ್ಲ.

ಅವಳಿಗೆ ಇಲಿಯೆಂದರೆ ಹೆದರಿಕೆಯಲ್ಲ, ಹೇಸಿಗೆ. ಹೆದರಿಕೆಯಾದರೆ ಕಣ್ಣು ಮುಚ್ಚಿಕೊಂಡರೆ ಸ್ವಲ್ಪ ಕಡಿಮೆಯಾಗುತ್ತದೆ. ಹೇಸಿಗೆ ಹಾಗಲ್ಲ, ಕಣ್ಣು ಮುಚ್ಚಿದರೆ ಮೂಗಿನಿಂದ ಒಳಗೆ ಬರುತ್ತದೆ. ಆ ಮನೆಗೊಂದು ವಾಸನೆಯಿತ್ತು. ಹಳೆಯ ಗೋಣಿ, ಒದ್ದೆ ಬೈಹುಲ್ಲು, ಎಲ್ಲದರ ಮೇಲೆ ಹುಳಿಯಾಗಿ ಮೂಗಿಗೆ ಚುಚ್ಚುವ ಇಲಿಯ ಉಚ್ಚೆ. ಹುಟ್ಟಿದಾಗಿನಿಂದ ಅದರಲ್ಲೇ ಉಸಿರಾಡಿದವರಿಗೆ ಅದು ಗೊತ್ತಾಗುತ್ತಿರಲಿಲ್ಲ. ಕುಚ್ಚಲಕ್ಕಿ ಗೇರಲು ಮೊರ ಹಿಡಿದರೆ ಕಲ್ಲಿಗಿಂತ ಹಿಕ್ಕೆಯೇ ಹೆಚ್ಚು. ಎಷ್ಟು ಹೆಕ್ಕಿದರೂ ಒಂದೋ ಎರಡೋ ಉಳಿದು, ಬೆಂದು, ಉಬ್ಬಿ, ಊಟದ ಹೊತ್ತಿಗೆ ಬಟ್ಟಲಲ್ಲಿ ಕಪ್ಪಗೆ ಮೇಲೆ ಬರುತ್ತಿತ್ತು. ಅತ್ತೆ ಅದನ್ನು ಬೆರಳಿನಿಂದ ಬದಿಗೆ ಸರಿಸಿ ಊಟ ಮುಂದುವರಿಸುತ್ತಿದ್ದರು. ಅನಂತಮತಿಯ ಊಟ ಅಲ್ಲಿಗೇ ಮುಗಿಯುತ್ತಿತ್ತು. ಒಮ್ಮೆ ಕಾಯಿಸಿಟ್ಟ ಹಾಲಿನ ಕೆನೆಯ ಕೆಳಗೆ ಏನೋ ಮೆತ್ತಗೆ ಸೌಟಿಗೆ ತಾಗಿತು. ಎತ್ತಿ ನೋಡಿದರೆ ಅಟ್ಟದಿಂದ ಬಿದ್ದ, ಇನ್ನೂ ಕಣ್ಣು ಬಿಡದ ಮರಿ. ಅದರ ಬಾಲ ಸೌಟಿನ ಹೊರಗೆ ನೇತಾಡುತ್ತಿತ್ತು. ಆಮೇಲೆ ತಿಂಗಳುಗಟ್ಟಲೆ ಅವಳು ಹಾಲು ಮುಟ್ಟಲಿಲ್ಲ.

ಕೊಲ್ಲುವ ಹಾಗಿರಲಿಲ್ಲ. ಅದು ಮಾವನ ಕಟ್ಟಪ್ಪಣೆ. ಭುಜಬಲಿಯವರು ಬಾಯಲ್ಲಿ ಒಂದು, ಬಗಲಲ್ಲಿ ಇನ್ನೊಂದು ಇಟ್ಟುಕೊಂಡ ಮನುಷ್ಯರಲ್ಲ. ಹೊತ್ತು ಮುಳುಗುವ ಮೊದಲೇ ಅವರ ಊಟ. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಸೋಸಿದ ಬಟ್ಟೆಯನ್ನು ಬಾವಿಯ ನೀರಿನಲ್ಲೇ ಮತ್ತೆ ತೊಳೆಯಿಸುತ್ತಿದ್ದರು. ಅದರಲ್ಲಿ ಸಿಕ್ಕ ಕಣ್ಣಿಗೆ ಕಾಣದ ಜೀವ ಬಂದಲ್ಲಿಗೇ ಹೋಗಲಿ ಎಂದು. ಬೆಕ್ಕು ಸಾಕಲಿಕ್ಕೂ ಅವರು ಬಿಡುತ್ತಿರಲಿಲ್ಲ, ಕೊಂದ ಪಾಪ ಸಾಕಿದವನಿಗೆ ಬರುತ್ತದೆ ಎನ್ನುತ್ತಿದ್ದರು. ಇಲಿಪಾಷಾಣದ ಮಾತು ಬಂದರೆ ಎದ್ದು ಹೋಗುತ್ತಿದ್ದರು. ಅವಕ್ಕೂ ಹೊಟ್ಟೆ ಉಂಟಲ್ಲ ಎಂಬುದು ಅವರ ಕೊನೆಯ ಮಾತು, ಅದರ ಮೇಲೆ ಮನೆಯಲ್ಲಿ ಮಾತಿಲ್ಲ.

ಆದ್ದರಿಂದ ಆ ಮನೆಯಲ್ಲಿ ಒಂದು ಪದ್ಧತಿ ನಡೆದುಕೊಂಡು ಬಂದಿತ್ತು. ನಾಲ್ಕು ಇಲಿಬೋನುಗಳು. ಸಂಜೆ ಕೊಬ್ಬರಿ ಚೂರು ಸಿಕ್ಕಿಸಿಟ್ಟರೆ ಬೆಳಗಾಗುವಾಗ ನಾಲ್ಕೂ ತುಂಬಿರುತ್ತಿದ್ದವು. ಒಂದೊಂದರಲ್ಲಿ ಎರಡು, ಮೂರು, ಕೆಲವೊಮ್ಮೆ ಒಂದೇ ಒಂದು ಹೆಗ್ಗಣ ಗೂಡೆಲ್ಲ ತುಂಬಿಕೊಂಡು. ಆಳು ಧರ್ಣಪ್ಪ ಬಂದು ಅವನ್ನು ತಲೆಗೂ ಹೆಗಲಿಗೂ ಏರಿಸಿಕೊಂಡು ಬಸದಿಯ ಹಿಂದಿನ ಗುಡ್ಡೆಗೆ ಹೋಗಿ ಬಿಟ್ಟು ಬರುತ್ತಿದ್ದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬೋನಿನ ಹಲಗೆಯ ಸಂದಿನಿಂದ ತೊಟ್ಟಿಕ್ಕುವ ಹೊಲಸು ಧರ್ಣಪ್ಪನ ಕುತ್ತಿಗೆಯಿಂದ ಬೆನ್ನಿಗೆ ಇಳಿಯುತ್ತಿತ್ತು. ಅದನ್ನು ಕಂಡರೆ ಅನಂತಮತಿ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಅವನಿಗೆ ಹೇಗೆ ಆಗುತ್ತದೆ ಎಂದು ಯೋಚಿಸುವಷ್ಟು ಹೊತ್ತು ಅವಳು ಯಾವತ್ತೂ ನೋಡಲಿಲ್ಲ.

ಇಲಿಗಳೇನು, ಗುಡ್ಡೆಯ ಗಾಳಿ ಸೇವಿಸಿ ಹಿಂದೆ ಬರುತ್ತಿದ್ದವು. ಒಂದು ಕಿವಿ ಹರಿದ ಹೆಗ್ಗಣವನ್ನು ಅನಂತಮತಿ ಗುರುತಿಟ್ಟುಕೊಂಡಿದ್ದಳು. ಸೋಮವಾರ ಹೋದದ್ದು ಗುರುವಾರ ಅದೇ ಬೋನಿನಲ್ಲಿ ಕುಳಿತು ಮೀಸೆ ಒರೆಸಿಕೊಳ್ಳುತ್ತಿತ್ತು, ತವರಿಗೆ ಹೋಗಿ ಬಂದವಳ ಹಾಗೆ. ಅವಳು ಅದನ್ನು ಮೂರು ಸಲ ಕಂಡಳು. ಗಂಡ ಪದ್ಮರಾಜನಿಗೆ ಹೇಳಿದರೆ ಅವನು ನಕ್ಕ. ಅವನು ವಾರದಲ್ಲಿ ನಾಲ್ಕು ದಿನ ಅಕ್ಕಿ ಲಾರಿಯ ಜೊತೆ ಬಂಟ್ವಾಳದ ಪೇಟೆಯಲ್ಲಿರುವವನು, ಬಂಟ್ವಾಳದ ಇಲಿಗಳ ಎದುರು ನಮ್ಮವು ಸಾಧುಗಳು ಮಾರಾಯ್ತಿ ಎಂದ.

ಐವತ್ತೇಳನೆಯ ಇಸವಿಯ ಬೇಸಗೆಯ ನಡುವೆ ಒಂದು ಬೆಳಿಗ್ಗೆ ಅವಳು ಮಗು ವಿಮಲಾಳ ತೊಟ್ಟಿಲಿಗೆ ಬಗ್ಗಿದಳು. ಮಗುವಿಗೆ ಹನ್ನೊಂದು ತಿಂಗಳು. ಬಟ್ಟೆಯ ಮೇಲೆ ರಕ್ತದ ಕಲೆಯಿತ್ತು. ಕಾಲಿನ ಹೆಬ್ಬೆರಳ ತುದಿಯ ಚರ್ಮ ಇರಲಿಲ್ಲ, ಎರಡೆರಡು ಹಲ್ಲಿನ ಸಣ್ಣ ಗೀರುಗಳಿದ್ದವು. ಹಾಸಿಗೆಯ ಮೇಲೆ ಬೂದು ಬಣ್ಣದ ನಾಲ್ಕು ಕೂದಲು. ರಾತ್ರಿ ಕಾಲಿಗೆ ಬೆಣ್ಣೆ ಸವರಿ ಮಲಗಿಸಿದ್ದಳು, ಇಲಿಗೆ ಅದರದೇ ವಾಸನೆ ಸಿಕ್ಕಿರಬೇಕು. ತನ್ನ ಮಗುವನ್ನು ಯಾರೋ ತಿಂಡಿಯ ಹಾಗೆ ರುಚಿ ನೋಡಿ ಹೋಗಿದ್ದಾರೆ ಎಂಬ ಯೋಚನೆ ಬಂದದ್ದೇ ಅವಳಿಗೆ ವಾಂತಿಯಾಯಿತು. ಬಾಯಿ ತೊಳೆದುಕೊಂಡವಳು ನೇರ ಹಿತ್ತಲಿಗೆ ಬಂದಳು. ಧರ್ಣಪ್ಪ ಬೋನುಗಳನ್ನು ಎತ್ತಿಕೊಳ್ಳುತ್ತಿದ್ದ.

"ಇವತ್ತಿನಿಂದ ತೋಡು ದಾಟಿಸಿ ಬಿಡು ಧರ್ಣಪ್ಪ. ಅಷ್ಟು ನೀರು ದಾಟಿ ಅವು ಹಿಂದೆ ಬರಲಿಕ್ಕಿಲ್ಲ," ಎಂದಳು.

ಗುಡ್ಡೆಯ ತಗ್ಗಿನಲ್ಲಿ ಬೇಸಗೆಯಲ್ಲೂ ಬತ್ತದೆ ಹರಿಯುವ ತೋಡಿನ ಆಚೆಗೆ ಈ ಮನೆಯದೇ ಗದ್ದೆಗಳು, ಗದ್ದೆಯ ಅಂಚಿನಲ್ಲಿ ಒಕ್ಕಲುಗಳ ಐದು ಮನೆಗಳು. ಅದರಲ್ಲೊಂದು ಧರ್ಣಪ್ಪನದು. ಅವನು ಬೋನು ಕೆಳಗಿಟ್ಟ.

"ಆಚೆ ನಮ್ಮ ಮನೆಗಳುಂಟಲ್ಲ ಅಕ್ಕ."

"ಅಲ್ಲಿ ಅವಕ್ಕೆ ತಿನ್ನಲಿಕ್ಕೆ ಏನುಂಟು? ಎರಡು ದಿನ ಇದ್ದು ಕಾಡಿಗೆ ಹೋಗ್ತವೆ."

ಅಲ್ಲಿ ತಿನ್ನಲಿಕ್ಕೆ ಏನುಂಟು ಎಂದು ಕೇಳಿದವಳು ಅದೇ ಗದ್ದೆಗಳ ಭತ್ತವನ್ನು ಗೇಣಿಯೆಂದು ಅಟ್ಟದ ತುಂಬ ತುಂಬಿಸಿಕೊಂಡ ಮನೆಯ ಸೊಸೆ. ಈ ಮಾತು ಅವಳಿಗೆ ಆಗ ಹೊಳೆಯಲಿಲ್ಲ, ಧರ್ಣಪ್ಪನಿಗೆ ಹೊಳೆದಿರಬಹುದು. ಅವನು ಬೋನುಗಳನ್ನು ಎತ್ತಿಕೊಂಡು ಹೋದ. ಅವತ್ತಿನಿಂದ ಅವನು ಇನ್ನೂ ಕತ್ತಲಿರುವಾಗಲೇ ಬರತೊಡಗಿದ. ಆಚೆಯ ನಾಲ್ಕು ಮನೆಯವರು ಎದ್ದು ನೋಡಿದರೆ ಅವನ ಸೊಂಟ ಮುರಿಯುತ್ತಿದ್ದರು.

ಒಂದು ತಿಂಗಳಲ್ಲಿ ಮನೆಯ ವಾಸನೆ ಇಳಿಯಿತು. ಕಿವಿಹರಕ ಹೆಗ್ಗಣ ಮತ್ತೆ ಕಾಣಿಸಲಿಲ್ಲ. ಅನಂತಮತಿ ಹಾಲು ಕುಡಿಯತೊಡಗಿದಳು. ಊಟಕ್ಕೆ ಕುಳಿತ ಮಾವ ಬಟ್ಟಲು ನೋಡಿ, ಕೊಲ್ಲದೆಯೂ ಆಗುತ್ತದೆ ನೋಡು ಎಂದು ಖುಷಿಪಟ್ಟರು. ಹೇಗಾಯಿತು ಎಂದು ಅವರು ಕೇಳಲಿಲ್ಲ, ಅವಳು ಹೇಳಲಿಲ್ಲ. ದಿನಕ್ಕೆ ಆರೋ ಎಂಟೋ ಎಂದರೂ ಮಳೆ ಹಿಡಿಯುವ ಮೊದಲು ಮುನ್ನೂರರ ಮೇಲೆ ಇಲಿಗಳು ತೋಡು ದಾಟಿದ್ದವು.

ಆಮೇಲೆ ಮಳೆ ಬಂತು. ಆಟಿ ಎಂಬ ಆಷಾಢದ ಮಳೆ ಬಂದರೆ ತೋಡಿನ ಆಚೆಗೆ ಗದ್ದೆ ಯಾವುದು, ಅಂಗಳ ಯಾವುದು ಎಂದು ತಿಳಿಯದು. ಗದ್ದೆಯ ಬದುಗಳೆಲ್ಲ ಬಿಲಗಳಾಗಿ ತೂತುಬಿದ್ದಿದ್ದವು. ನೀರು ನುಗ್ಗಿದಾಗ ಇಲಿಗಳು ಬಿಲ ಬಿಟ್ಟು ಮನೆಗಳ ಸೋಗೆಯ ಮಾಡಿಗೆ ಏರಿದವು, ಏರಲಾಗದವು ಉಬ್ಬಿ ಹೊಟ್ಟೆ ಮೇಲೆ ಮಾಡಿ ತೇಲಿದವು. ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಅದೇ ನೀರಿನಲ್ಲಿ ಮೊಣಕಾಲ ತನಕ ನಿಂತು ಭತ್ತದ ನೇಜಿ ನೆಟ್ಟರು. ಕೆಸರು ತಿಂದು ಬೆರಳ ಸಂದುಗಳೆಲ್ಲ ಬಿಳಿಚಿ ಹುಣ್ಣಾಗಿದ್ದ ಕಾಲುಗಳು. ತೇಲಿಬಂದ ಹೆಣವನ್ನು ಕೈಯಿಂದ ಬದಿಗೆ ತಳ್ಳಿ ಮುಂದಿನ ಸಾಲು ಹಿಡಿಯುವುದು. ಈ ವರ್ಷ ಇಲಿ ಜಾಸ್ತಿ ಎಂದು ಅವರು ಮಾತಾಡಿಕೊಂಡರು, ಅಷ್ಟೆ.

ಮೊದಲು ಬಿದ್ದವನು ಗದ್ದೆಗೆ ನೀರು ತಿರುಗಿಸುವ ಮುದುಕ ಮುಂಡಪ್ಪ. ಜ್ವರ ಬಂತು, ಮೀನಖಂಡ ಮುಟ್ಟಿದರೆ ಕೂಗಿಕೊಂಡ, ಕಣ್ಣು ಕೆಂಪಾಗಿ ಮತ್ತೆ ಹಳದಿಯಾಯಿತು. ಕಾಮಾಲೆ ಎಂದು ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಟ್ಟರು. ಹತ್ತನೆಯ ದಿನ ತೀರಿಕೊಂಡ. ವಯಸ್ಸಾಗಿತ್ತು ಎಂದರು. ಅವನ ಹಿಂದೆಯೇ ಮಲಗಿದವಳು ಧರ್ಣಪ್ಪನ ಹೆಂಡತಿ ಕಾಂತಿ. ಅವಳಿಗೆ ಇಪ್ಪತ್ತಾರೋ ಇಪ್ಪತ್ತೇಳೋ.

ಕಾಂತಿ ಅನಂತಮತಿಗೆ ಬರೇ ಆಳಿನ ಹೆಂಡತಿಯಲ್ಲ. ವಿಮಲಾ ಹುಟ್ಟಿದಾಗ ನಲವತ್ತು ದಿನ ತೋಡು ದಾಟಿ ಬಂದು ಬಾಣಂತಿಗೂ ಕೂಸಿಗೂ ಎಣ್ಣೆ ಹಚ್ಚಿ ಬಿಸಿನೀರು ಹೊಯ್ದವಳು ಅವಳು. ಹಂಡೆಯ ಹೊಗೆಯಲ್ಲಿ ಕುಳಿತು ಬೆನ್ನು ನೀವುತ್ತ, ನಿಮ್ಮ ಮೈ ಎಷ್ಟು ಮೆತ್ತಗೆ ಅಕ್ಕ, ಬೆಂದ ಗೆಣಸಿನ ಹಾಗೆ ಎಂದು ನಗುತ್ತಿದ್ದಳು. ಆ ಕೈಗಳ ಬಿಸಿ ಅನಂತಮತಿಗೆ ಇನ್ನೂ ನೆನಪಿತ್ತು. ಕಾಂತಿಗೆ ಜ್ವರವೆಂದು ಕೇಳಿ ಅವಳು ಗಂಜಿಗೆ ಹಳೆಯ ಅಕ್ಕಿ, ಒಂದು ತುಂಡು ಶುಂಠಿ ಕಳಿಸಿದಳು. ಅಕ್ಕಿ ಹೊತ್ತುಕೊಂಡು ಹೋದವನು ಧರ್ಣಪ್ಪನೇ, ಅದೇ ಕೈಯಲ್ಲಿ ಅವತ್ತಿನ ಬೋನುಗಳನ್ನೂ.

ಐದನೆಯ ದಿನ ಡಾಕ್ಟರು ಸನತ್‌ಕುಮಾರ ಮನೆಗೆ ಬಂದರು. ಮಾವನ ದೂರದ ಸಂಬಂಧಿ, ಮದರಾಸಿನಲ್ಲಿ ಓದಿ ಬಂದು ಪೇಟೆಯಲ್ಲಿ ಔಷಧದ ಕೋಣೆ ಇಟ್ಟವರು, ಇನ್ನೂ ಮೂವತ್ತು ದಾಟಿಲ್ಲ. ಧರ್ಣಪ್ಪ ಕರೆದನೆಂದು ಬೆಳಿಗ್ಗೆ ಕಾಂತಿಯನ್ನು ನೋಡಿಕೊಂಡು ಬಂದಿದ್ದರು. ಕೆಸರು ಮೆತ್ತಿದ ಕಾಲುಗಳನ್ನು ಅಂಗಳದಲ್ಲಿ ಎರಡೆರಡು ಸಲ ತೊಳೆದರು. ಸಿಟ್ಟಿನಲ್ಲಿದ್ದರು. ಅದು ಕಾಮಾಲೆಯಲ್ಲ ಎಂದರು. ಮದರಾಸಿನಲ್ಲಿ ಚರಂಡಿ ಬಳಿಯುವವರಲ್ಲಿ ಈ ಜ್ವರವನ್ನು ಅವರು ಕಂಡಿದ್ದರು. ಇಲಿಯ ಮೂತ್ರದಲ್ಲಿ ಕಣ್ಣಿಗೆ ಕಾಣದ ಕ್ರಿಮಿ ಇರುತ್ತದೆ, ಇಲಿಗೆ ಅದರಿಂದ ಏನೂ ಆಗುವುದಿಲ್ಲ; ಮೂತ್ರ ನೀರಿಗೆ ಸೇರಿ, ನೀರಿನಿಂದ ಕಾಲಿನ ಹುಣ್ಣಿಗೆ ಹೊಕ್ಕರೆ ಮನುಷ್ಯನ ಪಿತ್ತಜನಕಾಂಗವನ್ನೂ ಮೂತ್ರಪಿಂಡವನ್ನೂ ಕೊಳೆಸುತ್ತದೆ. ಪೆನಿಸಿಲಿನ್ ತಮ್ಮಲ್ಲಿ ಉಂಟು, ಬೇಗ ಕೊಟ್ಟರೆ ಬದುಕುತ್ತಾಳೆ. ಆದರೆ ಧರ್ಣಪ್ಪನ ತಾಯಿ ಬಾಗಿಲಿಗೆ ಅಡ್ಡ ಕುಳಿತು ಸೂಜಿ ಚುಚ್ಚಲು ಬಿಡಲಿಲ್ಲ.

ಬಿಡದೆ ಇದ್ದದ್ದು ಮುದುಕಿಯ ಹಟವೊಂದೇ ಅಲ್ಲ. ಕಾಮಾಲೆಯವನಿಗೆ ಸೂಜಿ ಚುಚ್ಚಿದರೆ ಅವನು ಸತ್ತ ಎಂಬುದು ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಎಲ್ಲರಿಗೂ ಗೊತ್ತಿದ್ದ ಮಾತು. ಅನಂತಮತಿಯ ತಂದೆ, ನಾಲ್ಕು ಅಕ್ಷರ ಕಲಿಸುವ ಮೇಷ್ಟ್ರು, ಅವರೂ ಹಾಗೆಯೇ ಹೇಳುತ್ತಿದ್ದರು.

"ಆ ಐದು ಮನೆಗಳಲ್ಲಿ ಈಗ ನಾಲ್ಕು ಜನ ಮಲಗಿದ್ದಾರೆ. ಅಷ್ಟು ಇಲಿ ಅಲ್ಲಿಗೆ ಎಲ್ಲಿಂದ ಬಂದವು ಎಂದೇ ನನಗೆ ಅರ್ಥ ಆಗುವುದಿಲ್ಲ," ಎಂದರು ಡಾಕ್ಟರು. ಮತ್ತೆ ಅನಂತಮತಿಯ ಕಡೆ ತಿರುಗಿ, ನಿಮ್ಮ ಮಾತನ್ನು ಆ ಮುದುಕಿ ಕೇಳಬಹುದು, ಒಮ್ಮೆ ಹೋಗಿ ಹೇಳಿ, ಇವತ್ತೇ ಹೇಳಿ ಎಂದರು.

ಎಲ್ಲಿಂದ ಬಂದವು ಎಂದು ಅವಳಿಗೆ ಗೊತ್ತಿತ್ತು.

ಅವಳು ತೋಡಿಗೆ ಅಡ್ಡ ಹಾಕಿದ ಅಡಿಕೆ ಮರದ ಸಂಕ ದಾಟಿ ಆಚೆಗೆ ಹೋದಳು. ಮೂರು ವರ್ಷದಲ್ಲಿ ಅದೇ ಮೊದಲು. ಧರ್ಣಪ್ಪನ ಮನೆಯ ಹೊಸ್ತಿಲಿಗೆ ಕಾಲಿಟ್ಟಾಗ ಮೂಗಿಗೆ ಬಡಿದದ್ದು ತನ್ನ ಮನೆಯ ವಾಸನೆ. ಬಿಟ್ಟುಹೋಯಿತೆಂದು ಅವಳು ಖುಷಿಪಟ್ಟಿದ್ದ ಅದೇ ಹುಳಿ ವಾಸನೆ, ಇಲ್ಲಿ ಸೋಗೆಯ ಮಾಡಿನ ಕೆಳಗೆ, ಗೂಡಿಗೆ ಬಂದ ಹಾಗೆ ಬೀಡುಬಿಟ್ಟಿತ್ತು. ಮೂಲೆಯಲ್ಲಿ ಚಾಪೆಯ ಮೇಲೆ ಕಾಂತಿ ಮಲಗಿದ್ದಳು. ಕಣ್ಣಿನ ಬಿಳಿಯೆಲ್ಲ ರಕ್ತ, ಅದರ ಹಿಂದೆ ಅರಸಿನ. ಬಾಯಿಯ ಬದಿಯಲ್ಲಿ ಕಂದು ಬಣ್ಣದ ವಾಂತಿ ಒಣಗಿತ್ತು. ಮಾಡಿನ ಜಂತಿಯ ಮೇಲೆ ಹಾಡುಹಗಲಲ್ಲೇ ಏನೋ ಓಡಿತು. ಯಾರೂ ತಲೆ ಎತ್ತಲಿಲ್ಲ.

ಅನಂತಮತಿ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಇದು ಕಾಮಾಲೆಯಲ್ಲ, ಇಲಿಯಿಂದ ಬರುವ ಜ್ವರ, ಸೂಜಿ ಚುಚ್ಚಿದರೆ ಬದುಕುತ್ತಾಳೆ. ಮುದುಕಿ ಪೂರಾ ಕೇಳಿದಳು. ಮತ್ತೆ ಒಂದೇ ಒಂದು ಪ್ರಶ್ನೆ ಹಾಕಿದಳು.

"ಇಲಿ ನಾನು ಹುಟ್ಟುವ ಮೊದಲೇ ಗದ್ದೆಯಲ್ಲಿ ಇತ್ತು. ಇಷ್ಟು ವರ್ಷ ಬಾರದ ಜ್ವರ ಈ ವರ್ಷ ಯಾಕೆ ಬಂತು?"

ಬಾಗಿಲ ಬಳಿ ಧರ್ಣಪ್ಪ ನಿಂತಿದ್ದ. ಅವನು ನೆಲ ನೋಡಿದ. ಹೊರಗೆ ಜಗಲಿಯಲ್ಲಿ ಪಕ್ಕದ ಮನೆಯವರೂ ಕಿವಿಗೊಟ್ಟು ನಿಂತಿದ್ದರು. ಹೇಳಿದರೆ ಇವನ ಗತಿ ಏನು, ಇವನೇ ಕೈಯಾರೆ ತಂದು ಬಿಟ್ಟವನಲ್ಲವೇ ಎಂದು ಅನಂತಮತಿ ಯೋಚಿಸಿದಳು. ಅವನ ಮಾನ ಉಳಿಸಲಿಕ್ಕೆ ತಾನು ಸುಮ್ಮನಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಮನುಷ್ಯರು ತಮ್ಮ ಚರ್ಮ ಉಳಿಸಿಕೊಳ್ಳುವಾಗ ಎಷ್ಟು ಸಲೀಸಾಗಿ ಪರೋಪಕಾರಿಗಳಾಗುತ್ತಾರೆ! ಈ ವರ್ಷ ಮಳೆ ಜಾಸ್ತಿಯಲ್ಲವೇ ಎಂದು ಬಿಟ್ಟಳು. ಮುದುಕಿ ತಲೆಯಾಡಿಸಿದಳು, ಮಳೆಗೆ ಬಂದ ಕಾಮಾಲೆ ಬಿಸಿಲಿಗೆ ಹೋಗುತ್ತದೆ, ಸೂಜಿ ಬೇಡ ಎಂದಳು. ಅನಂತಮತಿ ಸಂಕ ದಾಟಿ ಹಿಂದೆ ಬಂದಳು.

ಮರುದಿನ ತೋಡು ತುಂಬಿ ಸಂಕ ಮುಳುಗಿತು. ಹೋಗಬೇಕೆಂದರೂ ಹೋಗುವ ಹಾಗಿರಲಿಲ್ಲ ಎಂಬುದು ನಿಜ. ಆದರೆ ಬೆಳಿಗ್ಗೆ ಎದ್ದು ಕೆಂಪು ನೀರು ಸಂಕದ ಮೇಲೆ ಹರಿಯುವುದನ್ನು ಕಂಡಾಗ ಅವಳ ಎದೆಯಲ್ಲಿ ಮೊದಲು ಹುಟ್ಟಿದ್ದು ಸಮಾಧಾನ. ಅದನ್ನು ಅವಳು ಗುರುತಿಸಿದಳು. ಇಲಿಯನ್ನು ಕಂಡಾಗ ಮೈ ಜುಮ್ಮೆನ್ನುತ್ತಿದ್ದ ಹಾಗೆ ತನ್ನನ್ನು ನೆನೆದು ಮೈ ಜುಮ್ಮೆಂದಿತು. ಬಚ್ಚಲಿಗೆ ಹೋಗಿ ತಲೆಗೆ ನೀರು ಹೊಯ್ದುಕೊಂಡಳು. ಬೆನ್ನ ಮೇಲೆ ನೀರು ಬೀಳುವಾಗ ಕಾಂತಿಯ ಕೈ ನೆನಪಾಗಿ ಚೊಂಬನ್ನು ಕೆಳಗಿಟ್ಟಳು.

ಏಳನೆಯ ದಿನ ನೀರು ಇಳಿಯಿತು. ಅವಳು ಮೊದಲು ಡಾಕ್ಟರ ಕೋಣೆಗೆ ಹೋಗಿ ಅವರನ್ನು ಕರೆದುಕೊಂಡು, ಪೆಟ್ಟಿಗೆಯ ಸಮೇತ ಆಚೆಗೆ ನಡೆದಳು. ಮುದುಕಿ ಬಾಗಿಲಲ್ಲೇ ಕುಳಿತಿದ್ದಳು. ಜಗಲಿಯ ತುಂಬ ಜನ. ಕಾಂತಿಗೆ ಹಿಂದಿನ ಸಂಜೆಯಿಂದ ಮೂತ್ರ ನಿಂತಿದೆ ಎಂದು ಯಾರೋ ಹೇಳಿದರು. ಅನಂತಮತಿ ಕೆಸರಿನ ಅಂಗಳದಲ್ಲೇ ನಿಂತಳು.

"ಈ ವರ್ಷ ಯಾಕೆ ಬಂತು ಎಂದು ಕೇಳಿದಿರಲ್ಲ. ಅವು ನಮ್ಮ ಮನೆಯ ಇಲಿಗಳು. ತೋಡಿನ ಆಚೆ ಬಿಡು ಎಂದು ಹೇಳಿದವಳು ನಾನು. ಧರ್ಣಪ್ಪ ಬೇಡ ಎಂದ, ನಾನು ಕೇಳಲಿಲ್ಲ. ಬೇಸಗೆಯಿಂದ ದಿನಾ ಬಿಡಿಸಿದ್ದೇನೆ."

ಒಬ್ಬ ಹೆಂಗಸು ಅವಳಿಂದ ಎರಡು ಹೆಜ್ಜೆ ಹಿಂದೆ ಸರಿದು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅನಂತಮತಿ ಎಷ್ಟೋ ಸಲ ಬೋನಿನ ಎದುರು ಹಾಗೆ ಮೂಗು ಮುಚ್ಚಿಕೊಂಡಿದ್ದಳು. ಮುದುಕಿ ಮಗನ ಮುಖ ನೋಡಿದಳು, ಅಲ್ಲಿ ಏನು ಕಂಡಳೋ, ನಿಧಾನ ಎದ್ದು ಬಾಗಿಲು ಬಿಟ್ಟುಕೊಟ್ಟಳು.

"ಹಾಗಾದರೆ ಇದು ಕಾಮಾಲೆಯಲ್ಲ. ದೈವ ಕೊಟ್ಟದ್ದೂ ಅಲ್ಲ, ನೀವು ಕೊಟ್ಟದ್ದು. ಡಾಕ್ಟ್ರು ಚುಚ್ಚಲಿ."

ಡಾಕ್ಟರು ಚುಚ್ಚಿದರು. ಎರಡು ದಿನ ಅಲ್ಲೇ ಇದ್ದು ಹೊತ್ತು ಹೊತ್ತಿಗೆ ಚುಚ್ಚಿದರು. ಮಲಗಿದ್ದ ಉಳಿದ ಮೂವರಿಗೂ ಚುಚ್ಚಿದರು, ಆ ಮೂವರು ವಾರದಲ್ಲಿ ಎದ್ದು ಕುಳಿತರು. ಕಾಂತಿಯ ಮೈ ಬಾತು, ಮೂಗಿನಿಂದ ರಕ್ತ ಬಂದು, ಒಂಬತ್ತನೆಯ ದಿನ ಮಧ್ಯಾಹ್ನ ಅವಳು ತೀರಿಕೊಂಡಳು. ಅನಂತಮತಿ ಪಕ್ಕದಲ್ಲಿದ್ದಳು. ಆ ವಾಸನೆಯಲ್ಲಿ ಕುಳಿತು ಕಾಂತಿಯ ಬಾಯಿ ಒರೆಸಿದಳು, ಮೂಗು ಮುಚ್ಚಲಿಲ್ಲ. ಸಂಕದ ಬಳಿ ಕೈ ತೊಳೆದುಕೊಳ್ಳುತ್ತ ಡಾಕ್ಟರು ಅವಳ ಕಡೆ ನೋಡದೆ, ಮೂತ್ರ ನಿಲ್ಲುವ ಮೊದಲು ಚುಚ್ಚಬೇಕಿತ್ತು, ಎರಡು ದಿನ ತಡವಾಯಿತು ಎಂದರು. ಆ ಎರಡು ದಿನ ಯಾರವು ಎಂದು ಅವರು ಹೇಳಬೇಕಾಗಿರಲಿಲ್ಲ.

ಮನೆಗೆ ಬಂದು ಅವಳು ಮಾವನ ಎದುರು ಎಲ್ಲವನ್ನೂ ಹೇಳಿದಳು. ಭುಜಬಲಿಯವರು ಮೂರು ದಿನ ಊಟ ಬಿಟ್ಟರು. ನಾಲ್ಕನೆಯ ದಿನ ಅವಳನ್ನು ಕರೆದು, "ಕೊಲ್ಲಬಾರದು ಎಂದು ಹೇಳಿದವನು ನಾನು. ಎಲ್ಲಿ ಬಿಡ್ತೀರಿ ಎಂದು ಒಂದು ದಿನವೂ ಕೇಳಲಿಲ್ಲ," ಎಂದರು. ಬೋನುಗಳನ್ನು ಇಡುವುದು ನಿಂತಿತು. ಕೊಂದುಬಿಡಿ ಎಂದು ಹೇಳಲು ಅವರ ನಾಲಿಗೆ ಏಳಲಿಲ್ಲ, ಬಿಟ್ಟು ಬನ್ನಿ ಎಂದು ಹೇಳಲು ಮುಖವಿರಲಿಲ್ಲ.

ಇಲಿಗಳಿಗೆ ಸೂತಕವಿದೆಯೇ? ವಾರದೊಳಗೇ ಉಗ್ರಾಣದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ದೇವರಕೋಣೆಗೆ ಬಂದವು. ಮುಡಿಗಳ ಹುಲ್ಲಿನಲ್ಲಿ ಮರಿ ಹಾಕಿದವು, ಅಕ್ಕಿ ಒದ್ದೆಯಾಗಿ ಗಬ್ಬು ನಾರಿತು. ಅತ್ತೆಯ ಹಾಸಿಗೆಯಲ್ಲಿ ಒಂದು ಸತ್ತು ಕೊಳೆತು, ಅದು ಎಲ್ಲಿದೆ ಎಂದು ಹುಡುಕಲು ಒಂದು ದಿನ ಹಿಡಿಯಿತು. ಅನಂತಮತಿ ವಿಮಲಾಳನ್ನು ಮಡಿಲಲ್ಲೇ ಇಟ್ಟುಕೊಂಡು ಕುಳಿತೇ ನಿದ್ದೆ ಮಾಡಿದಳು. ಕೊನೆಗೆ ಪದ್ಮರಾಜ ಬಂಟ್ವಾಳದಿಂದ ಬಂದ ರಾತ್ರಿ, ತಂದೆಯನ್ನು ಕೇಳದೆ ನಾಲ್ಕೂ ಬೋನು ಇಟ್ಟ.

ಬೆಳಗಾಗುವಾಗ ನಾಲ್ಕೂ ತುಂಬಿದ್ದವು. ಹೆಂಡತಿಯ ಹದಿಮೂರನೆಯ ದಿನದ ಬೊಜ್ಜದ ಕರ್ಮ ಮುಗಿಸಿ ಧರ್ಣಪ್ಪನೂ ಅವತ್ತೇ ಬಂದ. ತಲೆ ಬೋಳಿಸಿಕೊಂಡಿದ್ದ. ಅವನು ಬಂದನೆಂದು ಮನೆಯವರಿಗೆಲ್ಲ ಒಂದು ಬಗೆಯ ನೆಮ್ಮದಿಯಾಯಿತು, ಅನಂತಮತಿಗೆ ಅದು ಎಲ್ಲರ ಮುಖದಲ್ಲೂ ಕಂಡಿತು. ಇವನು ಎತ್ತಿಕೊಂಡು ಹೋಗುತ್ತಾನೆ, ಎಲ್ಲಿಗಾದರೂ. ಪದ್ಮರಾಜ, ಈ ಸಲ ದೂರದ ಕಾಡಿಗೆ ಒಯ್ಯುವ, ಗಾಡಿ ಕಟ್ಟಿಸುತ್ತೇನೆ ಎಂದ. ಧರ್ಣಪ್ಪ ಬೋನುಗಳನ್ನು ಒಂದೊಂದಾಗಿ ಹಿತ್ತಲಿನಿಂದ ತಂದು ಮುಂದಿನ ಅಂಗಳದಲ್ಲಿ, ಭುಜಬಲಿಯವರು ಕುಳಿತ ಜಗಲಿಯ ಎದುರು ಸಾಲಾಗಿ ಇಟ್ಟ. ಒಳಗೆ ಇಲಿಗಳು ಒಂದರ ಮೇಲೊಂದು ಹತ್ತಿ ಕಿಚಗುಟ್ಟುತ್ತಿದ್ದವು. ಹಲಗೆಯ ಕೆಳಗೆ ಅಂಗಳದಲ್ಲಿ ಒದ್ದೆ ಹರಡಿತು.

"ಕಾಡಿನ ಬದಿಯಲ್ಲಿಯೂ ಯಾರದ್ದಾದರೂ ಮನೆ ಇರ್ತದೆ ಧನಿಗಳೇ," ಎಂದ ಧರ್ಣಪ್ಪ. ಅವನ ದನಿ ಏರಲಿಲ್ಲ. "ಇ‌ನ್ನು ನಾನು ಹೊರುವುದಿಲ್ಲ. ಇವು ನಿಮ್ಮ ಇಲಿಗಳು. ನೀವೇ ನೋಡಿಕೊಳ್ಳಿ."

ಹೀಗೆ ಹೇಳಿ ಅವನು ಹೋದ. ಆ ಅಂಗಳದಲ್ಲಿ ಧನಿಗಳಿಗೆ ಬೆನ್ನು ತೋರಿಸಿ ನಡೆದ ಮೊದಲ ಒಕ್ಕಲು ಅವನೇ ಇರಬೇಕು.

ಮಧ್ಯಾಹ್ನದವರೆಗೆ ಬೋನುಗಳು ಅಲ್ಲೇ ಇದ್ದವು. ಪದ್ಮರಾಜ ಎರಡು ಸಲ ಹತ್ತಿರ ಹೋಗಿ ಹಿಂದೆ ಬಂದ. ಅತ್ತೆ ಒಳಗಿನಿಂದ ಬಾಗಿಲು ಹಾಕಿಕೊಂಡರು. ಭುಜಬಲಿಯವರು ಜಗಲಿ ಬಿಟ್ಟು ಏಳಲಿಲ್ಲ, ಕಣ್ಣನ್ನೂ ತಿರುಗಿಸಲಿಲ್ಲ. ಬಿಸಿಲು ಏರಿದ ಹಾಗೆ ವಾಸನೆಯೂ ಏರಿತು.

ಅನಂತಮತಿ ಸೀರೆ ಎತ್ತಿ ಕಟ್ಟಿಕೊಂಡು ಅಂಗಳಕ್ಕೆ ಇಳಿದಳು. ಹಿತ್ತಲಿನಲ್ಲಿ ದನಗಳಿಗೆ ನೀರು ಕುಡಿಸುವ ಕಲ್ಲಿನ ಮರಿಗೆಯೊಂದು ಬಳಕೆಯಿಲ್ಲದೆ ಬಿದ್ದಿತ್ತು. ಅದಕ್ಕೆ ಬಾವಿಯಿಂದ ಸೇದಿ ಹೊಯ್ದಳು, ನೀರಿನ ಕ್ರಿಮಿ ಸಾಯಲೆಂದು ಡಾಕ್ಟರು ಕೊಟ್ಟು ಹೋಗಿದ್ದ ಬಿಳಿ ಪುಡಿಯನ್ನು ಪೂರ್ತಿ ಸುರಿದಳು. ಮೊದಲನೆಯ ಬೋನನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ತಾಗಿಸಿಕೊಂಡಾಗ ಬೆಚ್ಚಗಿನ ಹೊಲಸು ಅವಳ ಮೊಣಕೈವರೆಗೆ ಇಳಿಯಿತು. ಹೇಸಿಗೆಯಾಗುತ್ತದೆ ಎಂದು ಅವಳು ಕಾದಳು. ಆಯಿತು, ಆದರೆ ಆ ಇಲಿಗಳ ಮೇಲಲ್ಲ. ಬೇಸಗೆಯಿಡೀ ಒಂದು ಹನಿಯೂ ತಾಗದೆ ಶುದ್ಧವಾಗಿದ್ದ ತನ್ನ ಕೈಗಳ ಮೇಲೆ ಆಯಿತು.

ಬೋನನ್ನು ನೀರಿಗೆ ಇಳಿಸಿ ಅಂಗೈಯಿಂದ ಒತ್ತಿ ಹಿಡಿದಳು. ಒಳಗಿನ ಪರದಾಟ ಹಲಗೆಯಿಂದ ಅಂಗೈಗೆ, ಅಂಗೈಯಿಂದ ತೋಳಿಗೆ ಏರಿತು. ಗುಳ್ಳೆಗಳು ಬಂದವು. ಇಷ್ಟು ಸಣ್ಣ ಜೀವ ಇಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಹಿಂದೆ ಹೆಜ್ಜೆಯ ಸಪ್ಪಳ ಕೇಳಿತು. ಭುಜಬಲಿಯವರು ಜಗಲಿಯಿಂದ ಎದ್ದು ಬಂದಿದ್ದರು.

"ಆಯಿತಾ ಮಗಾ?" ಎಂದು ಕೇಳಿದರು.

"ಇನ್ನೂ ಇಲ್ಲ ಮಾವ. ಇನ್ನು ಮೂರು ಉಂಟು."

ಅವರು ಒಳಗೆ ಹೋಗುತ್ತಾರೆ ಎಂದುಕೊಂಡಳು. ಅವರು ಅಂಗಳಕ್ಕೆ ನಡೆದು, ಎರಡನೆಯ ಬೋನನ್ನು ಎತ್ತಿಕೊಂಡು ಬಂದು ಅವಳ ಪಕ್ಕದಲ್ಲಿ ಇಟ್ಟರು. ಮತ್ತೆ ಮೂರನೆಯದನ್ನು ತರಲು ಹೋದರು.